ಮೂರು ಹನಿ

ರುವೈಸ್, ಅಬುಧಾಬಿ
7 ಆಗಸ್ಟ್ 2014

ಪ್ರೀತಿಯ ತಮ್ಮ ಶ್ರವಣನಿಗೆ,

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಪೂರ್ತಿ ಉತ್ತರ ಕೊಟ್ಟಾಗಿರುತ್ತದೆ. ಇಸ್ಮಾಯಿಲಾಕನ ತರಕಾರಿ ವ್ಯಾನು ಹೇಗೂ ಪ್ರತಿ ಗುರುವಾರ ದುಬೈಯಿಂದ ಇಲ್ಲಿಗೆ ಬಂದು ಹೋಗುತ್ತದೆ. ಅವರ ಕೈಯಲ್ಲಿ ಕೊಡುತ್ತೇನೆ. ನೀನೂ ಹಾಗೇ ಮಾಡು.

ನನಗೊಂದು ನೀರಿನ ಮೆಷಿನ್ ಬೇಕು. ಗಡಸು ನೀರನ್ನು ಮೆದು ಮಾಡುವಂಥದ್ದು, ನಿಮ್ಮ ಅಂಗಡಿಯಲ್ಲಿ ಮಾರುತ್ತೀರಲ್ಲ, ಅದು. ಇಲ್ಲಿನ ನೀರಿಗೆ ನನ್ನ ಕೂದಲು ಉದುರುತ್ತಿದೆ. ಮೊನ್ನೆ ಬಚ್ಚಲಿನ ಜಾಲರಿ ಕಟ್ಟಿ ನೀರು ಹೊರಗೆ ಬಂತು. ನಿನ್ನ ಭಾವ ಕುಕ್ಕರುಗಾಲಲ್ಲಿ ಕೂತು ಅಷ್ಟನ್ನೂ ಕೈಯಲ್ಲೇ ತೆಗೆದರು. ಪಕ್ಕದ ಕ್ವಾರ್ಟರ್ಸಿನ ಮೆಟಿಲ್ಡಾ ಬಾಯಿ ನೋಡಿದವರೇ, ‘ಇದು ನೀರೇ ಮಾರಾಯ್ತಿ. ನನಗೂ ಆದದ್ದು. ಮೆಷಿನ್ ಹಾಕಿಸಿದ ಮೇಲೆಯೇ ನಿಂತದ್ದು’ ಎಂದರು. ಸಂಜೆ ಇವರನ್ನು ಕೇಳಿದೆ. ‘ಹೌದು, ನೀರೇ ಇರಬೇಕು. ಹಾಕಿಸುವ’ ಎಂದರು. ಒಂದು ಎದುರು ಮಾತಿಲ್ಲ.

ಶವರಿಗೆ ಸಿಕ್ಕಿಸುವ ಸಣ್ಣದು ಒಂದು, ಇಡೀ ಮನೆಗೆ ಹಾಕುವ ದೊಡ್ಡದು ಒಂದು ಉಂಟಂತೆ. ನನಗೆ ದೊಡ್ಡದೇ ಬೇಕು. ಅಡುಗೆಮನೆಯ ನಲ್ಲಿಗೂ ಅದೇ ನೀರು ಬರಬೇಕು. ಮೈಮೇಲೆ ಬಿದ್ದರೇ ಹೀಗೆ ಮಾಡುವ ನೀರು ಹೊಟ್ಟೆಯೊಳಗೆ ಹೋದರೆ ಏನು ಮಾಡಲಿಕ್ಕಿಲ್ಲ? ಕಳೆದ ಚಳಿಗಾಲ ಪೂರ್ತಿ ನಾನು ನಲ್ಲಿ ನೀರನ್ನೇ ಕುದಿಸಿ ಕುಡಿದಿದ್ದೇನೆ. ಅದರ ಬಗ್ಗೆಯೂ ತಿಳಿದವರನ್ನು ಕೇಳಿ ಬರೆ.

ಕೂದಲಿನ ವಿಷಯ ಊರಿನಲ್ಲಿ ಅಮ್ಮನಿಗೆ ಹೇಳಬೇಡ.

ನಿನ್ನ ಅಕ್ಕ
ಭವ್ಯಶ್ರೀ


ಅಲ್ ಮುರಕ್ಕಬಾತ್, ದುಬೈ
13 ಆಗಸ್ಟ್ 2014

ಅಕ್ಕಾ,

ಕನ್ನಡದಲ್ಲಿ ಒಂದು ಪುಟ ಬರೆಯದೆ ನನಗೆ ನಾಲ್ಕು ವರ್ಷ ಆಯಿತು. ಕೊನೆಗೆ ಬರೆದದ್ದು ಪಿಯುಸಿ ಪರೀಕ್ಷೆಯಲ್ಲಿ, ಅದೂ ಅರ್ಧ. ಮೇಲ್ವಿಚಾರಕರೇ ನಿಂತು ಉತ್ತರ ಹೇಳಿಕೊಡಲು ಶುರು ಮಾಡಿದಾಗ ಪೆನ್ನು ಇಟ್ಟು ಎದ್ದು ಬಂದೆನಲ್ಲ. ಅಪ್ಪ ಹೊಡೆದರು, ಅಮ್ಮ ಅತ್ತರು. ನೀನು ಮಾತ್ರ ಬಡಿಸಿ, ‘ಊಟ ಮಾಡು, ನಾಳೆ ನೋಡುವ’ ಎಂದಿದ್ದೆ. ಆ ನಾಳೆ ಇನ್ನೂ ಬಂದಿಲ್ಲ. ಕಾಲೇಜೂ ಇಲ್ಲ, ಇಲ್ಲಿ ಇದು ನಾಲ್ಕನೇ ಕೆಲಸ. ಇದೂ ಎಷ್ಟು ದಿನವೋ.

ಯಾಕೆಂದರೆ ಕಳೆದ ವಾರ ಧಣಿಗಳ ಜೊತೆ ಜಗಳ ಆಯಿತು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ, ಮೂವತ್ತೊಂದನೇ ಮಾಳಿಗೆಯ ಒಂದು ಮನೆಗೆ ಮೆಷಿನ್ ತೋರಿಸಲು ಹೋಗಿದ್ದೆವು. ನಮ್ಮ ಧಣಿ ಗೇಬ್ರಿಯಲ್ ಪೊರ್ಬುಗಳು ಒಂದು ಗ್ಲಾಸ್ ನಲ್ಲಿ ನೀರಿಗೆ ಎರಡು ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನೀರು ಗಟಾರದ ಬಣ್ಣಕ್ಕೆ ತಿರುಗಿತು. ಮನೆಯ ಹೆಂಗಸು ‘ಅಯ್ಯೋ ಇದನ್ನೇ ಕುಡೀತಿದ್ವಾ’ ಎಂದು ಬಾಯಿ ಮುಚ್ಚಿಕೊಂಡರು. ನಾನು ಸುಮ್ಮನಿರಬೇಕಿತ್ತು. ‘ಮೇಡಂ, ಅದು ಕಡ್ಡಿಯ ಕಬ್ಬಿಣ ಬಿಟ್ಟ ಬಣ್ಣ’ ಎಂದೆ. ಲಿಫ್ಟಿನಲ್ಲಿ ಪೊರ್ಬುಗಳು ಉಗುಳು ಹಾರಿಸಿದರು: ‘ನೀನು ಎಂತ ಮಾರಾಯಾ, ಮೆಷಿನ್ ಮಾರ್ಲಿಕ್ಕೆ ಬಂದದ್ದಾ, ಇಗರ್ಜಿಯಲ್ಲಿ ಪಾಪನಿವೇದನೆ ಮಾಡ್ಲಿಕ್ಕೆ ಬಂದದ್ದಾ? ಇನ್ನೊಂದು ಸಲ ಬಾಯಿ ಬಿಟ್ರೆ ಖಲಾಸ್!’

ಈಗ ನಿನ್ನ ವಿಷಯ. ಗಡಸು ನೀರೆಂದರೆ ಸುಣ್ಣದ ಅಂಶ ಜಾಸ್ತಿ ಇರುವ ನೀರು. ದೊಡ್ಡ ಮೆಷಿನ್ನಿನ ಹೊಟ್ಟೆಯಲ್ಲಿ ಸಾಸಿವೆಯಂಥ ಮಣಿಗಳಿರುತ್ತವೆ. ಅವು ಸುಣ್ಣ ಹಿಡಿದುಕೊಳ್ಳುತ್ತವೆ. ಹಿಡಿದು ಹಿಡಿದು ಸುಸ್ತಾದಾಗ ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಶವರಿಗೆ ಸಿಕ್ಕಿಸುವ ಸಣ್ಣದು ಕ್ಲೋರಿನ್ ವಾಸನೆ ಕಡಿಮೆ ಮಾಡುತ್ತದೆ ಅಷ್ಟೆ, ಸುಣ್ಣದ ತಂಟೆಗೆ ಹೋಗುವುದಿಲ್ಲ. ಉಪ್ಪೇ ಬೇಡದ ಮೆಷಿನ್ ಎಂದು ಇನ್ನೊಂದು ಬಂದಿದೆ. ಅದನ್ನು ನಾನು ನಂಬುವುದಿಲ್ಲ. ಗಡಸು ನೀರು ಕುಡಿದರೆ ಹೊಟ್ಟೆಗೆ ಏನೂ ಆಗುವುದಿಲ್ಲ, ನಿನ್ನ ಕೆಟಲಿಗೆ ಆಗುತ್ತದೆ.

ಆದರೆ ನೀರು ನೋಡದೆ ಮೆಷಿನ್ ಹೇಳುವವನು ನಾನಲ್ಲ. ಒಂದು ಬಾಟಲಿ ಕಳಿಸುತ್ತಿದ್ದೇನೆ. ನಲ್ಲಿಯನ್ನು ಐದು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ಬಾಯಿಯವರೆಗೆ ತುಂಬಿಸು. ಈ ಬಿಸಿಲಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ, ಆರಿಸಿಟ್ಟ ಗೀಸರಿನದ್ದೇ ತಣ್ಣಗೆ ಎಂದು ಅದನ್ನು ತುಂಬಿಸಬೇಡ. ಟ್ಯಾಂಕಿನದ್ದೇ ಬೇಕು.

ನೋಡಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಕ್ಕನೆಂದು ಒಂದು ಹನಿ ಆಚೆಯೂ ಇಲ್ಲ, ಈಚೆಯೂ ಇಲ್ಲ.

ಶ್ರವಣ್


ರುವೈಸ್
21 ಆಗಸ್ಟ್ 2014

ಶ್ರವಣ್,

ಬಾಟಲಿ ತುಂಬಿಸಿದ್ದೇನೆ. ನೀನು ಹೇಳಿದ ಹಾಗೇ, ಟ್ಯಾಂಕಿನದ್ದು. ಮುಚ್ಚಳಕ್ಕೆ ಟೇಪು ಸುತ್ತಿದ್ದೇನೆ.

ಮೆಷಿನ್ ಇಡುವ ಜಾಗ ನೋಡಿ ಆಯಿತು. ಅಡುಗೆಮನೆಯ ಹಿಂದೆ ವಾಷಿಂಗ್ ಮೆಷಿನ್ನಿನ ಪಕ್ಕ. ಇವರು ಟೇಪು ಹಿಡಿದು ಅಳೆದಿದ್ದಾರೆ. ಉಪ್ಪಿನ ಚೀಲ ಇಡಲು ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿದೆ. ಬಹಳ ದಿನದ ಮೇಲೆ ಒಂದು ಕೆಲಸ ಪೂರ್ತಿ ಮಾಡಿದೆ.

ಸರಿಯಾಗಿ ನೋಡು. ಎರಡು ಸಲ ನೋಡು. ಯಾವ ಮೆಷಿನ್ ಎಂದು ನೀನೇ ಆರಿಸಿ ಬರೆ, ಇವರು ಅದನ್ನೇ ತರಿಸುತ್ತಾರೆ.

ಅಕ್ಕ


ಅಲ್ ಮುರಕ್ಕಬಾತ್
27 ಆಗಸ್ಟ್ 2014

ಅಕ್ಕಾ,

ನೀನು ಎರಡು ಸಲ ಎಂದೆ, ನಾನು ನಾಲ್ಕು ಸಲ ನೋಡಿದೆ.

ಪರೀಕ್ಷೆ ಹೇಗೆಂದರೆ, ನೀರಿಗೆ ಒಂದು ಪುಡಿ ಹಾಕಿದಾಗ ಕೆಂಪಾಗುತ್ತದೆ. ಆಮೇಲೆ ಇನ್ನೊಂದು ಔಷಧಿಯನ್ನು ಹನಿ ಹನಿ ಬಿಡಬೇಕು. ಕೆಂಪು ನೀಲಿಯಾಗಲು ಎಷ್ಟು ಹನಿ ಬೇಕೋ ಅಷ್ಟು ಗಡಸು. ಹೋದ ತಿಂಗಳು ಒಬ್ಬರ ತೋಟದ ಬಾವಿ ನೀರಿಗೆ ನಲವತ್ತು ಹನಿ ಬೇಕಾಯಿತು, ಕೈ ನೋವು ಬಂತು. ನಿನ್ನದಕ್ಕೆ ಎಷ್ಟು ಗೊತ್ತಾ? ಮೂರು. ಮೂರೇ ಹನಿ. ನಾಲ್ಕು ಸಲವೂ ಮೂರು.

ಹಾಗಾಗಿ ಯಾವ ಮೆಷಿನ್ನೂ ಬೇಡ. ಇದಕ್ಕಿಂತ ಮೆದು ನೀರು ಬೇಕೆಂದರೆ ಮಳೆಗೇ ಬಾಯಿ ಒಡ್ಡಬೇಕು. ಸಮುದ್ರದ ನೀರನ್ನು ಕಾಯಿಸಿ ಆವಿ ಹಿಡಿದು ಮಾಡಿದ್ದು ಅದು. ಮಾಡುವವರು ಯಾರು? ತಿಲಕ್ ಭಾವನೇ ಅಲ್ಲವಾ? ಕಂಪನಿಯ ನೀರಿನ ಪ್ಲಾಂಟಿನಲ್ಲಿ ದಿನಾ ಇದೇ ಹನಿ ಎಣಿಸುವುದು ಅವರ ಕೆಲಸ. ನನಗಿಂತ ಚೆನ್ನಾಗಿ ಗೊತ್ತಿದ್ದೂ ‘ನೀರೇ ಇರಬೇಕು’ ಎಂದು ತಲೆಯಾಡಿಸಿದರಲ್ಲ! ಹೆಂಡತಿಗೆ ಅಷ್ಟು ಹೆದರುವ ಗಂಡಸನ್ನು ನಾನು ನೋಡಿಲ್ಲ. ಅವರನ್ನೇ ಕೂರಿಸಿ ಕೇಳು, ಉತ್ತರ ಬರುತ್ತದಾ ನೋಡುವ.

ತೀರ್ಪು ಕೇಳು: ನೀರಿನದ್ದು ಏನೂ ತಪ್ಪಿಲ್ಲ. ತಪ್ಪೆಲ್ಲ ನಿನ್ನದೇ. ಎಣ್ಣೆ ಹಾಕುವುದಿಲ್ಲ, ಸರಿಯಾಗಿ ತಿನ್ನುವುದಿಲ್ಲ, ಇಡೀ ದಿನ ಎಸಿಯಲ್ಲಿ ಕೂತು ಟಿವಿ ನೋಡುತ್ತೀ. ನಿನ್ನ ದೇಹವನ್ನು ನೀನು ನೋಡಿಕೊಳ್ಳದಿದ್ದರೆ ನೀರು ಏನು ಮಾಡೀತು ಪಾಪ!

ಈ ಕಾಗದವನ್ನು ಪೊರ್ಬುಗಳು ನೋಡಿದರೆ ಅಳುತ್ತಾರೆ. ಸ್ವಂತ ಅಕ್ಕನಿಗೂ ಒಂದು ಮೆಷಿನ್ ಮಾರಲಾಗದವನು.

ಶ್ರವಣ್


ಅಲ್ ಮುರಕ್ಕಬಾತ್
10 ಸೆಪ್ಟೆಂಬರ್ 2014

ಅಕ್ಕಾ,

ಎರಡು ಗುರುವಾರ ಹೋಯಿತು, ನಿನ್ನ ಕಾಗದ ಇಲ್ಲ. ಮೆಷಿನ್ ಬೇಡ ಎಂದದ್ದಕ್ಕೆ ಸಿಟ್ಟಾ? ಮೆಟಿಲ್ಡಾ ಬಾಯಿಯ ಮನೆಯಲ್ಲಿ ಇದೆ, ನಮ್ಮಲ್ಲಿ ಇಲ್ಲ ಎಂದು ಬೇಸರವಾ? ಅಷ್ಟು ಆಸೆ ಇದ್ದರೆ ಖಾಲಿ ಡಬ್ಬ ಒಂದನ್ನು ತಂದು ನಿಲ್ಲಿಸುತ್ತೇನೆ, ನೋಡಿ ಖುಷಿಪಡು.

ಕೆಲಸ ಬಿಡುವ ಯೋಚನೆ ಇದೆ. ಒಮಾನಿನ ಸಲಾಲಾದ ಕಡೆ ಬೋಟಿನಲ್ಲಿ ಜನ ಬೇಕಂತೆ. ಸಮುದ್ರ ಯಾರಿಗೂ ಏನೂ ಮಾರುವುದಿಲ್ಲ. ನೀನು ಏನು ಹೇಳುತ್ತೀ?

ಶ್ರವಣ್


ಅಲ್ ಮುರಕ್ಕಬಾತ್
1 ಅಕ್ಟೋಬರ್ 2014

ಅಕ್ಕಾ,

ಈಗ ತಮಾಷೆ ಮಾಡುವುದಿಲ್ಲ. ಫೋನ್ ಮಾಡಿದರೆ ಭಾವ ಎತ್ತುತ್ತಾರೆ. ‘ಮಲಗಿದ್ದಾಳೆ’ ಎನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದೀಯ, ಸಂಜೆ ಐದಕ್ಕೂ ಮಲಗಿದ್ದೀಯ.

ಇಸ್ಮಾಯಿಲಾಕನನ್ನು ಹಿಡಿದು ಕೇಳಿದೆ. ಟೊಮೆಟೊ ಪೆಟ್ಟಿಗೆ ಇಳಿಸುತ್ತಲೇ ಇದ್ದರು, ನನ್ನ ಮುಖ ನೋಡಲಿಲ್ಲ. ‘ನಿನ್ನ ಕಾಗದ ಕೊಟ್ಟ ದಿನ ನಾನು ಅಲ್ಲೇ ಚಾ ಕುಡೀತಿದ್ದೆ. ನಿನ್ನ ಅಕ್ಕ ಓದಿದ್ಳು, ಮಡಚಿದ್ಳು, ಒಳಗೆ ಹೋದ್ಳು. ಚಾ ಅರ್ಧ ಬಿಟ್ಟು ನಾನು ಎದ್ದು ಬಂದೆ’ ಎಂದರು. ‘ಯಾಕೆ, ಎಂತ ಆಯ್ತು?’ ಎಂದೆ. ‘ಅದು ನಾನು ಹೇಳುವಂಥದ್ದಲ್ಲ ಮೋನೇ. ನೀನು ನಿನ್ನ ಭಾವನಿಗೆ ಕೇಳು’ ಎಂದವರು ಮುಂದಿನ ಪೆಟ್ಟಿಗೆಗೆ ಕೈ ಹಾಕಿದರು.

ನಾನು ಏನು ಬರೆದೆ ಅಕ್ಕಾ? ಮೂರು ಹನಿ ಎಂದು ಬರೆದೆ. ಅದರಲ್ಲಿ ಏನಿದೆ?

ಶ್ರವಣ್


ರುವೈಸ್
9 ಅಕ್ಟೋಬರ್ 2014

ಶ್ರವಣ್,

ನಿನ್ನ ಅಕ್ಕನಿಗೆ ಬಂದ ಕಾಗದಕ್ಕೆ ನಾನು ಉತ್ತರ ಬರೆಯುತ್ತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಮೇ ತಿಂಗಳಲ್ಲಿ ನಮಗೆ ಒಂದು ಮಗು ಹುಟ್ಟಿತು. ಆರನೇ ತಿಂಗಳಲ್ಲೇ. ಉಸಿರಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಒಂದು ಮೂರನೇ ತಿಂಗಳಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಬಯಕೆ ಶಾಸ್ತ್ರದ ದಿನ ಗೊತ್ತಾಗುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ಅವಳೇ ಹೇಳಿದಳು. ಏಳನೇ ತಿಂಗಳಿಗೆ ಊರಿಗೆ ಕರೆದುಕೊಂಡು ಹೋಗಿ, ಹಸಿರು ಸೀರೆಯಲ್ಲಿ ಕೂರಿಸಿ, ಅಲ್ಲೇ ಎಲ್ಲರಿಗೂ ಹೇಳುವುದು ಎಂದಿತ್ತು. ಟಿಕೆಟು ಸಹ ಆಗಿತ್ತು. ಇದೆ ಎಂದು ಹೇಳದೇ ಇದ್ದವರು ಹೋಯಿತು ಎಂದು ಯಾರ ಹತ್ತಿರ ಹೇಳುವುದು? ಇಸ್ಮಾಯಿಲಾಕನಿಗೆ ಗೊತ್ತು. ಅವತ್ತು ನನ್ನ ಕೈಯಲ್ಲಿ ಕಾರು ಓಡಿಸಲಿಕ್ಕೆ ಆಗಲಿಲ್ಲ, ಅವರೇ ಬಂದದ್ದು.

ಹೆರಿಗೆಯಾಗಿ ಮೂರು ತಿಂಗಳಿಗೆ ಹೆಂಗಸರಿಗೆ ಕೂದಲು ಉದುರುವುದುಂಟು ಎಂದು ಡಾಕ್ಟರು ನನಗೆ ಹೇಳಿದ್ದರು. ಅದನ್ನು ಅವಳಿಗೆ ಹೇಳಬೇಕಾದರೆ ಹೆರಿಗೆ ಎನ್ನುವ ಮಾತು ನನ್ನ ಬಾಯಲ್ಲಿ ಬರಬೇಕು. ಬರಲಿಲ್ಲ. ಅಷ್ಟರಲ್ಲಿ ಮೆಟಿಲ್ಡಾ ಬಾಯಿ ‘ನೀರು’ ಎಂದರು. ಆ ದಿನ ರಾತ್ರಿ ಅವಳು ನನ್ನ ಹತ್ತಿರ ಬಂದು, ‘ರೀ, ಮಗುವಿಗೂ ನೀರೇ ಹೀಗೆ ಮಾಡಿರಬಹುದಾ? ನನ್ನಿಂದ ಅಲ್ಲವಾ?’ ಎಂದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಜೀವ ಕಂಡಿತು. ನಾನು ಹೌದು ಎಂದೆ.

ಆ ನೀರು ಎಂಥದ್ದೆಂದು ನನಗೆ ಗೊತ್ತಿಲ್ಲವಾ? ನನ್ನ ಶಿಫ್ಟಿನಲ್ಲಿ ಅದಕ್ಕೆ ನಾನೇ ಸಹಿ ಹಾಕುವುದು. ನೀನು ಎಣಿಸಿದ್ದು ಸರಿಯಾಗಿದೆ. ಮೂರೇ ಹನಿ.

ನಿನ್ನ ಕಾಗದ ಓದಿ, ‘ನಿಮಗೆ ಗೊತ್ತಿತ್ತಾ?’ ಎಂದು ಕೇಳಿದಳು. ಆವಾಗ ಸುಳ್ಳು ಹೇಳಲು ಆಗಲಿಲ್ಲ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಅನ್ನ ಬಡಿಸುತ್ತಾಳೆ, ಯೂನಿಫಾರ್ಮ್ ಇಸ್ತ್ರಿ ಮಾಡಿ ಇಡುತ್ತಾಳೆ. ಮಾತಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿದ್ದರೆ ನೀನು ಹಾಗೆ ಬರೆಯುತ್ತಿರಲಿಲ್ಲ. ನಾವೇ ಹೇಳಲಿಲ್ಲ.

ತಿಲಕ್


ಅಲ್ ಮುರಕ್ಕಬಾತ್
15 ಅಕ್ಟೋಬರ್ 2014

ಅಕ್ಕಾ,

ಭಾವ ಬರೆದರು. ನನಗೆ ಈಗ ಎಲ್ಲ ಗೊತ್ತು.

ನಾಲ್ಕು ದಿನದಿಂದ ಏನೇನೋ ಬರೆದು ಹರಿದಿದ್ದೇನೆ. ಅಂಗಡಿಯ ಮುದ್ರೆ ಹಾಕಿ ಒಂದು ರಿಪೋರ್ಟ್ ಕೂಡ ಮಾಡಿದೆ. ಮೊದಲಿನ ಪರೀಕ್ಷೆ ತಪ್ಪಾಗಿತ್ತು, ಔಷಧಿ ಹಳೆಯದಾಗಿತ್ತು, ನಿಜಕ್ಕೂ ಮೂವತ್ತೆಂಟು ಹನಿ, ನೀರು ವಿಷ ಎಂದು. ಪೊರ್ಬುಗಳೇ ಸಹಿ ಹಾಕಿದರು. ಯಾಕೆಂದು ಹೇಳಿದಾಗ ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, ‘ಕಳಿಸು ಮಾರಾಯಾ, ದೇವರು ಬೈಯೂದಿಲ್ಲ’ ಎಂದರು. ಇಸ್ಮಾಯಿಲಾಕನ ವ್ಯಾನಿನವರೆಗೆ ತೆಗೆದುಕೊಂಡು ಹೋದೆ. ಕೊಡಲಿಲ್ಲ. ನೀನು ಅದನ್ನು ನಂಬುವುದಿಲ್ಲ ಎಂದು ಗೊತ್ತಾಯಿತು. ನಂಬಿದ ಹಾಗೆ ಮಾಡುತ್ತೀ, ಅಷ್ಟೆ. ಹಾಗೆ ಮಾಡುವವರು ನಿಮ್ಮ ಮನೆಯಲ್ಲಿ ಆಗಲೇ ಒಬ್ಬರಿದ್ದಾರೆ.

‘ತಪ್ಪೆಲ್ಲ ನಿನ್ನದೇ’ ಎಂದು ಬರೆದ ಕೈ ಇದೇ. ಅದನ್ನು ಬರೆಯುವಾಗ ನಾನು ನಗುತ್ತಿದ್ದೆ ಅಕ್ಕಾ. ಅದೂ ನಿನಗೆ ಗೊತ್ತಿರಲಿ.

ನೀರು ಮೆದುವೇ ಇದೆ. ತಪ್ಪು ನಿನ್ನದಲ್ಲ. ಎರಡನೆಯದಕ್ಕೆ ನನ್ನ ಹತ್ತಿರ ಹನಿ ಎಣಿಸಿ ತೋರಿಸುವ ಪರೀಕ್ಷೆ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಶ್ರವಣ್


ರುವೈಸ್
30 ಅಕ್ಟೋಬರ್ 2014

ಶ್ರವಣ್,

ಎಲ್ಲ ಕಾಗದ ಓದಿದ್ದೇನೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ತಮಾಷೆಗೆ ಬರೆದದ್ದು ಎಂದು ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದು ಪ್ರಯೋಜನ ಆಗಲಿಲ್ಲ.

ನೀರು ಎಂದು ಅಂದುಕೊಂಡಿದ್ದಾಗ ನನಗೆ ಬೆಳಿಗ್ಗೆ ಏಳಲಿಕ್ಕಾಗುತ್ತಿತ್ತು. ಮೆಷಿನ್ ಎಲ್ಲಿಡುವುದು, ಉಪ್ಪಿನ ಚೀಲ ಹೇಗೆ ತರುವುದು, ಪೈಪು ಎಲ್ಲಿಂದ ಎಳೆಯುವುದು ಎಂದು ಯೋಚನೆ ಇರುತ್ತಿತ್ತು. ನೀನು ಅದನ್ನು ಒಂದು ಪುಟದಲ್ಲಿ ಮುಗಿಸಿದೆ. ಮುಗಿಸಬಾರದಿತ್ತು ಎಂದು ಹೇಳುತ್ತಿಲ್ಲ. ಮುಗಿಸಿದೆ, ಅಷ್ಟೆ.

ಇವರ ಮೇಲೆ ನನ್ನ ಸಿಟ್ಟು ನೀರಿನ ಸುಳ್ಳಿಗಲ್ಲ. ಅದು ನನ್ನ ಮೇಲಿನ ಪ್ರೀತಿಗೆ ಹೇಳಿದ್ದೆಂದು ಯಾರೂ ನನಗೆ ತಿಳಿಸಿ ಹೇಳಬೇಕಾಗಿಲ್ಲ. ಆದರೆ ಇಷ್ಟು ಚೆಂದ ಮಾಡಿ, ಟೇಪು ಹಿಡಿದು ಗೋಡೆ ಅಳೆದು ಸುಳ್ಳು ಹೇಳಬಲ್ಲವರು ಬೇರೆ ಏನೇನು ಹೇಳಿದ್ದಾರೆ?

ಅವತ್ತು ಆಸ್ಪತ್ರೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನನಗೆ ಒಂದು ಅಳು ಕೇಳಿಸಿತು. ಬೆಕ್ಕಿನ ಮರಿಯದ್ದಕ್ಕಿಂತ ಸಣ್ಣದು. ‘ಅತ್ತಿತಲ್ಲಾ’ ಎಂದೆ. ಇವರು ನನ್ನ ಹಣೆ ಮೇಲೆ ಕೈ ಇಟ್ಟು, ‘ಇಲ್ಲ ಭವ್ಯಾ, ಅದು ಪಕ್ಕದ ರೂಮಿನದ್ದು’ ಎಂದರು. ನಾನು ನಂಬಿದೆ. ಆಮೇಲೂ ಆ ಅಳು ಕೇಳುತ್ತಲೇ ಇತ್ತು, ಬಚ್ಚಲಲ್ಲಿ, ಮಿಕ್ಸಿ ಹಾಕಿದಾಗ, ಎಸಿ ಶಬ್ದದಲ್ಲಿ. ಇಲ್ಲದ ಅಳು ಕೇಳಿಸುವ ನನ್ನ ತಲೆ ಸರಿಯಿಲ್ಲ ಎಂದುಕೊಂಡೆ. ಇಷ್ಟು ತಿಂಗಳಿಂದ ಹಾಗೇ ಅಂದುಕೊಂಡಿದ್ದೇನೆ.

ನೀನು ಬಂದು ಇವರನ್ನು ಕೇಳು. ನಾನು ಕೇಳಿದರೆ ಮತ್ತೆ ನನ್ನ ಮುಖ ನೋಡಿ ಉತ್ತರ ಕೊಡುತ್ತಾರೆ. ಅವರು ಹೇಳಿದ್ದನ್ನು ಬರೆದು ಕೊಡು, ಬಾಯಲ್ಲಿ ಹೇಳಬೇಡ. ನೀನು ಬರೆದರೆ ನಾನು ನಂಬುತ್ತೇನೆ. ಹನಿ ಎಣಿಸಿದ ಹಾಗೇ ಬರೆ.

ಆಗಸ್ಟಿನಲ್ಲಿ ನಿನ್ನ ಉತ್ತರಕ್ಕೂ ಕಾಯದೆ ಇವರು ಒಂದು ಮೆಷಿನ್ ತರಿಸಿಬಿಟ್ಟಿದ್ದರು, ಹೊರಗೆ ಮೆಟ್ಟಿಲ ಕೆಳಗೆ ಇದೆ. ಪೆಟ್ಟಿಗೆ ಬಿಚ್ಚಿಲ್ಲ. ಹೋಗುವಾಗ ತೆಗೆದುಕೊಂಡು ಹೋಗು.

ಭವ್ಯಶ್ರೀ


ರುವೈಸ್, ನಿಮ್ಮ ಮನೆಯ ಮುಂದೆ
7 ನವೆಂಬರ್ 2014, ಶುಕ್ರವಾರ

ಅಕ್ಕಾ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಅತ್ತಿತು. ಒಂದೇ ಸಲ. ನೀನು ಕೇಳಿಸಿಕೊಂಡದ್ದು ನಮ್ಮ ಮಗುವಿನದ್ದೇ, ಪಕ್ಕದ ರೂಮಿನದ್ದಲ್ಲ. ನಿನ್ನ ತಲೆ ಸರಿಯಾಗಿದೆ.

ಈಗ ಉಳಿದದ್ದು. ಬೆಳಿಗ್ಗೆ ಭಾವನ ಕಾರಿನಲ್ಲೇ ಇಬ್ಬರೂ ಸಮುದ್ರದ ಕಡೆ ಹೋದೆವು, ಅಲ್ಲಿ ಕೇಳಿದೆ. ಸುತ್ತು ಬಳಸಲಿಲ್ಲ. ‘ಭಾವ, ಮಗು ಅತ್ತಿತಾ?’ ಎಂದೆ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ‘ಅವಳು ಕೇಳಿದ್ದಾ, ನೀನು ಕೇಳಿದ್ದಾ?’ ಎಂದರು. ‘ಅಕ್ಕ’ ಎಂದೆ. ‘ಅವಳಿಗೆ ಕೇಳಿಸಿದೆ ಅಂತ ನನಗೆ ಅವತ್ತೇ ಗೊತ್ತಾಗಿದೆ’ ಎಂದರು.

ಹೆಣ್ಣು ಮಗು. ಅದು ನಿನಗೆ ಹೇಳಿದ್ದಾರೆ. ಇಪ್ಪತ್ತು ನಿಮಿಷ ಇತ್ತು. ಅದು ಹೇಳಿಲ್ಲ. ಉಳಿಯುವುದಿಲ್ಲ, ಹೆಚ್ಚೆಂದರೆ ಅರ್ಧ ಗಂಟೆ ಎಂದು ಡಾಕ್ಟರು ಹೇಳಿದರಂತೆ. ನಿನಗೆ ರಕ್ತ ನಿಲ್ಲುತ್ತಿರಲಿಲ್ಲ. ತಾಯಿಯ ಎದೆ ಮೇಲೆ ಇಡಬೇಕಾ ಎಂದು ನರ್ಸ್ ಭಾವನನ್ನು ಕೇಳಿದಳು. ಭಾವ ಬೇಡ ಎಂದರು. ಜೀವ ಇರುವುದನ್ನು ನೋಡಿಬಿಟ್ಟರೆ ನೀನು ಆ ಮೇಜಿನಿಂದ ಏಳುವುದಿಲ್ಲ ಎಂದು ಹೆದರಿದರಂತೆ. ಉಸಿರಿರಲಿಲ್ಲ ಎಂದೇ ಹೇಳಬೇಕೆಂದು ನರ್ಸಿನ ಹತ್ತಿರ ಅವರೇ ಬೇಡಿಕೊಂಡದ್ದು. ನನಗೆ ಬರೆದ ಕಾಗದದಲ್ಲೂ ಹಾಗೇ ಬರೆದರು. ‘ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ದಿನಾ ಯೋಚಿಸ್ತೇನೆ. ಗೊತ್ತಾಗೂದಿಲ್ಲ’ ಎಂದರು. ನನಗೂ ಗೊತ್ತಾಗಲಿಲ್ಲ ಅಕ್ಕಾ. ಗೊತ್ತಿದ್ದರೆ ಬರೆಯುತ್ತಿದ್ದೆ.

ನಿನ್ನ ಬಳಿಯಿಂದ ಹೋದ ಮೇಲೆ ಕೊನೆಯವರೆಗೂ ಭಾವನೇ ಎತ್ತಿಕೊಂಡಿದ್ದರು. ಪಕ್ಕದ ಕೋಣೆಯಲ್ಲಿ, ಒಂದು ಸ್ಟೂಲಿನ ಮೇಲೆ ಕೂತು. ಭಾವನ ಕಿರುಬೆರಳನ್ನು ಅದು ಹಿಡಿದುಕೊಂಡಿತ್ತಂತೆ. ‘ಹಿಡಿದದ್ದಾ, ನೀವು ಅದರ ಕೈಯಲ್ಲಿ ಇಟ್ಟದ್ದಾ?’ ಎಂದು ಕೇಳಿದೆ. ನೀನು ಹನಿ ಎಣಿಸಿದ ಹಾಗೆ ಎಂದದ್ದಕ್ಕೆ ಕೇಳಿದೆ. ‘ನಾನು ಇಟ್ಟದ್ದು. ಆಮೇಲೆ ಅವಳು ಹಿಡಿದದ್ದು’ ಎಂದರು.

ಅಬುಧಾಬಿಯ ಹೊರಗೆ ಮಣ್ಣು ಮಾಡಿದ್ದಾರೆ. ಭಾವ ಕಾಗದಗಳಿಗೆ ಸಹಿ ಹಾಕುವಾಗ ಇಸ್ಮಾಯಿಲಾಕ ಎತ್ತಿಕೊಂಡು ನಿಂತಿದ್ದರು. ಬಿಸಿಲು ಬೀಳದಂತೆ ತಮ್ಮ ತಲೆಯ ವಸ್ತ್ರ ತೆಗೆದು ಮರೆ ಹಿಡಿದಿದ್ದರಂತೆ. ಅಲ್ಲಿ ಒಂದು ನಂಬರು ಇದೆ. ಭಾವನಿಗೆ ಅದು ಬಾಯಿಪಾಠ.

ಇಷ್ಟನ್ನೂ ನಿನಗೆ ಬರೆಯಲಾ ಎಂದು ಕೇಳಿದೆ. ‘ಒಂದನ್ನೂ ಬಿಡಬೇಡ’ ಎಂದರು. ನಾನು ಮಾತ್ರ ಒಂದು ಬಿಡುತ್ತಿದ್ದೇನೆ. ಆ ಇಪ್ಪತ್ತು ನಿಮಿಷ ಅವರು ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಾ ಇದ್ದರಂತೆ. ಅದನ್ನು ಹೇಳಲು ಶುರು ಮಾಡಿದಾಗ ನಾನೇ ತಡೆದೆ. ಅದು ನಾನು ಕೇಳಬೇಕಾದದ್ದಲ್ಲ, ನೀನು.

ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿದ್ದೇವೆ. ಇದನ್ನು ಬಾಗಿಲಡಿ ತಳ್ಳಿ ನಾನು ಇಸ್ಮಾಯಿಲಾಕನ ಜೊತೆ ಹೊರಡುತ್ತೇನೆ. ಭಾವ ಮೆಟ್ಟಿಲ ಮೇಲೆ ಕೂತಿದ್ದಾರೆ. ನೀನು ಕರೆದರೆ ಮಾತ್ರ ಒಳಗೆ ಬರುತ್ತಾರಂತೆ. ‘ಕರೆಯದಿದ್ದರೆ?’ ಎಂದು ಕೇಳಿದೆ.

‘ಕೂತಿರ್ತೇನೆ. ಮತ್ತೆ ಎಂತ ಮಾಡುವುದು?’ ಎಂದರು.

ಶ್ರವಣ್